ಓದುವವನಿಗೊಂದು ಪೀಠ

ವಿದ್ಯಾಸಂಸ್ಥೆಯೊಂದು ತಾನು ನಡೆದು ಬಂದ ದಾರಿಯನ್ನು ಹಿಂದಿರುಗಿ ನೋಡುವ ಸಂದರ್ಭದಲ್ಲಿ ಲೆಕ್ಕಕ್ಕೆ ಬರುವ ಸಂಗತಿಗಳು ಹಲವು. ಕಟ್ಟಿಸಿದ ಕೊಠಡಿಗಳೆಷ್ಟು, ಪ್ರಸಾದನಿಲಯದಲ್ಲಿ ಉಂಡು ಬೆಳೆದ ಮಕ್ಕಳೆಷ್ಟು, ಪರೀಕ್ಷೆಯಲ್ಲಿ ತೇರ್ಗಡೆಯಾದವರೆಷ್ಟು, ಕ್ರೀಡಾಂಗಣದಿಂದ ಬಂದ ಪಾರಿತೋಷಕಗಳೆಷ್ಟು ಎಂಬುದೆಲ್ಲ ಎಣಿಸಬಹುದಾದದ್ದು; ಎಣಿಸಬೇಕಾದದ್ದೂ ಹೌದು. ಆದರೆ ವಿದ್ಯಾಲಯದ ಹೃದಯದಲ್ಲಿ ನಡೆಯಬೇಕಾದ ಒಂದು ಕ್ರಿಯೆ ಈ ಯಾವ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಒಬ್ಬ ವಿದ್ಯಾರ್ಥಿ ಯಾರ ಒತ್ತಾಯವೂ ಇಲ್ಲದೆ ಒಂದೆಡೆ ಕುಳಿತು ಒಂದು ಪುಸ್ತಕವನ್ನು ತನ್ನಷ್ಟಕ್ಕೆ ತಾನು ಓದುವುದೇ ಆ ಕ್ರಿಯೆ. ಅದಕ್ಕೆ ಸದ್ದಿಲ್ಲ, ಸಮಾರಂಭವಿಲ್ಲ, ವರದಿಯಿಲ್ಲ. ಆದಕಾರಣವೇ ಅದು ಸುಲಭವಾಗಿ ಮರೆವಿಗೆ ಸಲ್ಲುತ್ತದೆ. ಇಂಥ ಓದಿಗೆ ಯಾವ ಮರ್ಯಾದೆ ಸಲ್ಲಬೇಕು, ಆ ಮರ್ಯಾದೆಯನ್ನು ಸಲ್ಲಿಸುವ ಹೊಣೆ ಯಾರದು ಎಂಬ ಪ್ರಶ್ನೆಗೆ ಸುಮಾರು 550 ವರ್ಷಗಳ ಹಿಂದೆ ದೂರದ ಇಟಲಿಯಲ್ಲಿ ರಚಿತವಾದ ಒಂದು ಸಣ್ಣ ಚಿತ್ರಪಟವು ಕೊಡುವ ಉತ್ತರವನ್ನು ಶಿಕ್ಷಕರೂ ದಾನಿಗಳೂ ಪರಿಶೀಲಿಸುವುದು ಉಚಿತ.

ಆ ಚಿತ್ರದ ಹೆಸರು ‘ಅಧ್ಯಯನ ಮಂದಿರದಲ್ಲಿ ಸಂತ ಜೆರೋಮ್’. ಅದನ್ನು ರಚಿಸಿದವನು ಸಿಸಿಲಿ ದ್ವೀಪದ ಮೆಸ್ಸೀನ ಪಟ್ಟಣದ ಆಂಟೊನೆಲ್ಲೊ. ಕಾಲ ಸುಮಾರು 1475. ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆದ ಈ ಚಿತ್ರವನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯು 1894ರಲ್ಲಿ ಕೊಂಡು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಮಹಾ ಮಂದಿರದ ಒಳಾವರಣವನ್ನು ತೋರಿಸುವ ಈ ಚಿತ್ರದ ಎತ್ತರ ಸುಮಾರು 46 ಸೆಂಟಿಮೀಟರು, ಅಗಲ ಸುಮಾರು 36 ಸೆಂಟಿಮೀಟರು ಮಾತ್ರ. ಅಂದರೆ ಶಾಲೆಯ ಮಕ್ಕಳು ಬಳಸುತ್ತಿದ್ದ ಕರಿಹಲಗೆಯ ಒಂದು ಮೂಲೆಯಲ್ಲಿ ಅಡಗಬಹುದಾದಷ್ಟು ಚಿಕ್ಕದು.

ಚಿತ್ರದ ಮುಂಭಾಗದಲ್ಲಿ ಕಲ್ಲಿನ ದೊಡ್ಡ ಕಮಾನು ದ್ವಾರವಿದೆ. ಅದರ ಹೊಸ್ತಿಲ ಮೇಲೆ ಒಂದು ನವಿಲು, ಒಂದು ಗೌಜಲಹಕ್ಕಿ, ಒಂದು ಲೋಹದ ಬಟ್ಟಲು. ಹೊಸ್ತಿಲಿನಾಚೆಗೆ ಚಿತ್ತಾರದ ನೆಲಹಾಸು ದೂರದವರೆಗೆ ಚಾಚಿಕೊಂಡಿದೆ. ಮೇಲೆ ಕಮಾನಿನ ಛಾವಣಿ. ಎತ್ತರದಲ್ಲಿ ಆಕಾಶಕ್ಕೆ ತೆರೆದ ಕಿಟಕಿಗಳು. ಒಂದು ಪಕ್ಕಕ್ಕೆ ಕಂಬಗಳ ಕೈಸಾಲೆ, ಅದರ ನೆರಳಿನಲ್ಲಿ ಒಂದು ಮುಂಗಾಲನ್ನೆತ್ತಿ ಬರುತ್ತಿರುವ ಸಿಂಹ. ಹಿಂಭಾಗದ ಕಿಟಕಿಗಳಾಚೆಗೆ ಬೆಟ್ಟ, ಹೊಳೆ, ಊರು ಸಣ್ಣದಾಗಿ ಕಾಣುತ್ತವೆ. ಈ ಭವ್ಯ ಆವರಣದ ನಡುವೆ ಮರದಿಂದ ಮಾಡಿದ ಒಂದು ಪೀಠ. ಅದನ್ನೇರಲು ಮೂರು ಮೆಟ್ಟಿಲುಗಳಿವೆ. ಅದರ ಮೇಲೆ ಪುಸ್ತಕದ ಅರೆಗಳು, ಬರೆಯುವ ಮೇಜು, ಮಸಿಯ ಕುಡಿಕೆ, ಲೇಖನಿ, ಓದುವ ಗ್ರಂಥವನ್ನಿಡಲು ಓರೆಯಾದ ವ್ಯಾಸಪೀಠ. ಅಲ್ಲಿ ಕೆಂಪು ನಿಲುವಂಗಿಯನ್ನು ತೊಟ್ಟ ಜೆರೋಮ್ ನೆಟ್ಟಗೆ ಕುಳಿತು, ಎರಡು ಕೈಗಳನ್ನೂ ಗ್ರಂಥದ ಕಡೆಗೆ ಚಾಚಿ ಓದುತ್ತಿದ್ದಾನೆ. ಆತನು ಪಾದರಕ್ಷೆಗಳನ್ನು ಕಳಚಿಟ್ಟು ಪೀಠವನ್ನೇರಿದ್ದಾನೆ. ಅರೆಯ ಬದಿಯ ಗೂಟಕ್ಕೆ ಒಂದು ಕೈವಸ್ತ್ರ ತೂಗುತ್ತಿದೆ. ಪೀಠದ ಅಂಚಿನಲ್ಲಿ ಕುಂಡದಲ್ಲಿ ಬೆಳೆಸಿದ ಎರಡು ಗಿಡಗಳು. ಅವುಗಳ ಬಳಿಯಲ್ಲಿ ತೂಕಡಿಸುವ ಒಂದು ಬೆಕ್ಕು.

ಈ ಚಿತ್ರವನ್ನು ಕಂಡವರು ಮೊದಲಿನಿಂದಲೂ ಬೆರಗಾಗಿದ್ದಾರೆ. 1529ರಲ್ಲಿ ಮಾರ್ಕಾಂಟೋನಿಯೊ ಮಿಕಿಯೆಲ್ ಎಂಬ ರಸಿಕನು ವೆನಿಸ್ ನಗರದ ಒಂದು ಮನೆಯಲ್ಲಿ ಇದನ್ನು ಕಂಡು ಟಿಪ್ಪಣಿ ಬರೆದಿಟ್ಟನು. ಇದು ಆಂಟೊನೆಲ್ಲೊನ ಕೃತಿಯೆಂದು ಕೆಲವರು ಹೇಳಿದರೆ, ಯಾನ್ ವ್ಯಾನ್ ಐಕ್ ಅಥವಾ ಮೆಮ್ಲಿಂಗ್ ಎಂಬ ಉತ್ತರದೇಶದ ಚಿತ್ರಕಾರರದೆಂದು ಹೆಚ್ಚಿನವರು ಹೇಳುತ್ತಾರೆಂದು ಆತನು ದಾಖಲಿಸಿದ್ದಾನೆ. ಈ ಸಂದೇಹಕ್ಕೆ ಕಾರಣವಿತ್ತು. ಆಗಿನ ಇಟಲಿಯ ಚಿತ್ರಕಾರರು ಹಿರಿದಾದ ಕಟ್ಟಡಗಳನ್ನು ಲೆಕ್ಕಾಚಾರದಿಂದ ರೂಪಿಸುವುದರಲ್ಲಿ ನಿಪುಣರು. ಉತ್ತರದವರು ತೈಲವರ್ಣದ ತೆಳುಪದರಗಳಿಂದ ಗಾಜು, ಮರ, ಬಟ್ಟೆ, ಬೆಳಕುಗಳ ಸೂಕ್ಷ್ಮವನ್ನು ಹಿಡಿಯುವುದರಲ್ಲಿ ನಿಪುಣರು. ಆಂಟೊನೆಲ್ಲೊ ಇಬ್ಬರ ವಿದ್ಯೆಯನ್ನೂ ಕಲಿತವನು. ಆದ್ದರಿಂದ ಕಟ್ಟಡದ ಗಾಂಭೀರ್ಯವೂ ಕೈವಸ್ತ್ರದ ಮಡಿಕೆಯೂ ಒಂದೇ ಚಿತ್ರದಲ್ಲಿ ಸಮಾನವಾದ ಗೌರವವನ್ನು ಪಡೆದಿವೆ.

ಇಷ್ಟೊಂದು ಗೌರವವನ್ನು ಪಡೆದ ಈ ಓದುಗನು ಯಾರು? ಜೆರೋಮ್ ಹುಟ್ಟಿದ್ದು ಸುಮಾರು 347ರಲ್ಲಿ. ಬೆತ್ಲೆಹೇಮಿನಲ್ಲಿ ದೇಹವಿಟ್ಟದ್ದು 420ರಲ್ಲಿ. ರೋಮ್ ನಗರದಲ್ಲಿ ವ್ಯಾಕರಣ ಮತ್ತು ಅಲಂಕಾರಶಾಸ್ತ್ರಗಳನ್ನು ಕಲಿತು, ಅನಂತರ ಸಿರಿಯಾದ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತನು. ಹೀಬ್ರೂ ಭಾಷೆಯನ್ನು ಕಲಿಯತೊಡಗಿದ್ದು ಅಲ್ಲಿಯೇ. ಲ್ಯಾಟಿನ್ನಿನ ಮಧುರ ಗದ್ಯಕ್ಕೆ ಒಗ್ಗಿದ್ದ ಕಿವಿಗೆ ಆ ಭಾಷೆಯ ಗಂಟಲಿನ ಧ್ವನಿಗಳು ಬಲು ಕಠೋರವಾಗಿ ಕೇಳಿದವಂತೆ. ಎಷ್ಟೋ ಸಲ ನಿರಾಶೆಯಿಂದ ಕೈಬಿಟ್ಟುದನ್ನೂ, ಕಲಿಯುವ ಹಟದಿಂದ ಮತ್ತೆ ಮತ್ತೆ ಆರಂಭಿಸಿದುದನ್ನೂ ಆತನು ತನ್ನ ಪತ್ರವೊಂದರಲ್ಲಿ ಮರೆಮಾಚದೆ ಹೇಳಿಕೊಂಡಿದ್ದಾನೆ. 382ರ ಸುಮಾರಿಗೆ ಪೋಪ್ ದಮಾಸಸ್ ಅವರ ಅಪೇಕ್ಷೆಯಂತೆ ಲ್ಯಾಟಿನ್ ಭಾಷೆಯ ಸುವಾರ್ತೆಗಳನ್ನು ಪರಿಷ್ಕರಿಸಿದನು. ಮುಂದೆ ಹದಿನೈದು ವರ್ಷಗಳ ದುಡಿಮೆಯಿಂದ ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಹೀಬ್ರೂ ಮೂಲದಿಂದ ಲ್ಯಾಟಿನ್ನಿಗೆ ತಂದನು. ಪಶ್ಚಿಮ ಯೂರೋಪು ಒಂದು ಸಾವಿರ ವರ್ಷ ಓದಿದ್ದು ಬಹುಮಟ್ಟಿಗೆ ಆ ಅನುವಾದವನ್ನೇ. ಶಾಸ್ತ್ರವು ಕೆಲವರ ಭಾಷೆಯಲ್ಲಿ ಉಳಿಯದೆ ಹಲವರ ಭಾಷೆಗೆ ಇಳಿಯಬೇಕೆಂಬ ಹಂಬಲದ ಬೆಲೆಯನ್ನು, ಹನ್ನೆರಡನೆಯ ಶತಮಾನದ ಶರಣರು ಕನ್ನಡದಲ್ಲಿಯೇ ನುಡಿದುದರ ಫಲವನ್ನು ಉಣ್ಣುತ್ತಿರುವ ಸಮಾಜಕ್ಕೆ ವಿವರಿಸಿ ಹೇಳಬೇಕಾದುದಿಲ್ಲ.

ಚಿತ್ರದಲ್ಲಿ ಕಾಣುವುದೆಲ್ಲವೂ ಚರಿತ್ರೆಯಲ್ಲ. ಜೆರೋಮ್ ಎಂದೂ ಕಾರ್ಡಿನಲ್ ಆಗಿರಲಿಲ್ಲ. ಮುಂದಿನ ಶತಮಾನಗಳಲ್ಲಿ ರೂಪುಗೊಂಡ ಆ ಉನ್ನತ ಪದವಿಯ ಕೆಂಪು ಉಡುಪನ್ನು ಚಿತ್ರಕಾರರ ಸಂಪ್ರದಾಯವು ಆತನಿಗೆ ತೊಡಿಸಿತು. ಕಾಲಿನ ಮುಳ್ಳನ್ನು ತೆಗೆದದ್ದರಿಂದ ಸಿಂಹವು ಆತನಿಗೆ ಒಲಿಯಿತೆಂಬ ಕಥೆಯೂ ಗೆರಾಸಿಮಸ್ ಎಂಬ ಇನ್ನೊಬ್ಬ ಸಂತನದು. ಹೆಸರುಗಳ ಸಾಮ್ಯದಿಂದ ಅದು ಜೆರೋಮನಿಗೆ ಅಂಟಿಕೊಂಡಿತೆಂದು ವಿದ್ವಾಂಸರು ಹೇಳುತ್ತಾರೆ. ಕಮಾನುಗಳ ಈ ಸೌಧದಲ್ಲಿ ಆತನು ವಾಸಿಸಿದವನೂ ಅಲ್ಲ. ಹಾಗಾದರೆ ಚಿತ್ರಕಾರನು ಮಾಡಿದ್ದೇನು? ದೊರೆಗಳಿಗೆ ಸಲ್ಲುವಂಥ ಕಟ್ಟಡವನ್ನೂ ಧರ್ಮಾಧಿಕಾರಿಗಳಿಗೆ ಸಲ್ಲುವಂಥ ಉಡುಪನ್ನೂ ತಂದು ಒಬ್ಬ ಓದುಗನಿಗೆ ಒಪ್ಪಿಸಿದನು. ಅಷ್ಟಾದರೂ ಆ ಓದುಗನ ತಲೆಯ ಹಿಂದೆ ಪ್ರಭಾವಳಿಯನ್ನು ಬರೆಯಲಿಲ್ಲ. ಚಿತ್ರದಲ್ಲಿರುವ ಪಾವಿತ್ರ್ಯವೆಲ್ಲ ಓದುವ ಭಂಗಿಯಿಂದಲೇ ಹುಟ್ಟಿದೆ. ಪಾದರಕ್ಷೆಯನ್ನು ಕಳಚಿ ಪೀಠವನ್ನೇರುವುದು ಯಾವ ಭಾವದ ಗುರುತೆಂಬುದನ್ನು ಮಠದ ಮೆಟ್ಟಿಲೇರಿ ಬೆಳೆದವರು ತಾವಾಗಿಯೇ ಬಲ್ಲರು.

ಈ ಚಿತ್ರದಲ್ಲಿ ಮೊದಲು ಗಮನಿಸಬೇಕಾದುದು, ಓದುಗನ ಸುತ್ತ ಗೋಡೆಯಿಲ್ಲವೆಂಬುದು. ಆತನ ಪೀಠಕ್ಕೆ ಬಾಗಿಲಿಲ್ಲ. ಮುಂದಿನ ಕಮಾನಿಗೂ ಕದವಿಲ್ಲ. ಹಕ್ಕಿ ಹೊಸ್ತಿಲ ಮೇಲಿದೆ, ಸಿಂಹ ಕೈಸಾಲೆಯಲ್ಲಿದೆ, ಊರು ಕಿಟಕಿಯಾಚೆಗಿದೆ. ಏಕಾಂತವೆಂದರೆ ಲೋಕಾಂತಕ್ಕೆ ಬೆನ್ನು ತಿರುಗಿಸುವುದೆಂದು ಹಲವರು ತಿಳಿದಿದ್ದಾರೆ. ಒಂಟಿಯಾಗಿ ಓದುವ ಮಗು ಸಂಕೋಚದ ಮಗು, ಜನರೊಡನೆ ಬೆರೆಯದ ಮಗು ಎಂಬ ಆತಂಕ ಹೆತ್ತವರಲ್ಲಿಯೂ ಕೆಲವು ಶಿಕ್ಷಕರಲ್ಲಿಯೂ ಇದೆ. ಆಂಟೊನೆಲ್ಲೊನ ಚಿತ್ರವು ಬೇರೊಂದು ಮಾತನ್ನು ಹೇಳುತ್ತದೆ. ಏಕಾಂತವಿರುವುದು ಲೋಕಾಂತದ ನಡುವೆಯೇ. ಅದಕ್ಕೆ ಬೇಕಾದುದು ಬೀಗವಲ್ಲ, ಸುತ್ತಲಿನವರ ಮರ್ಯಾದೆ.

ಜೆರೋಮನ ಸಮಕಾಲೀನನಾದ ಆಗಸ್ಟೀನನು ತನ್ನ ಆತ್ಮಕಥನದಲ್ಲಿ ಇದಕ್ಕೊಂದು ಸುಂದರವಾದ ನಿದರ್ಶನವನ್ನು ಕೊಟ್ಟಿದ್ದಾನೆ. ಮಿಲಾನ್ ನಗರದ ಧರ್ಮಾಧ್ಯಕ್ಷನಾದ ಅಂಬ್ರೋಸನ ಬಳಿಗೆ ಯಾರು ಬೇಕಾದರೂ ಹೇಳಿಕಳಿಸದೆಯೇ ಹೋಗಬಹುದಾಗಿತ್ತು. ಹಾಗೆ ಹೋದವರಿಗೆ ಆತನು ಮೌನವಾಗಿ ಓದುತ್ತಿರುವುದು ಕಾಣುತ್ತಿತ್ತು. ಕಣ್ಣು ಪುಟದ ಮೇಲೆ ಚಲಿಸುತ್ತಿತ್ತು, ನಾಲಿಗೆ ಸುಮ್ಮನಿತ್ತು. ಬಂದವರು ಸ್ವಲ್ಪ ಹೊತ್ತು ಸದ್ದಿಲ್ಲದೆ ಕುಳಿತಿದ್ದು, ಆತನ ಓದಿಗೆ ಭಂಗ ತರಲು ಮನಸ್ಸಾಗದೆ ಎದ್ದುಹೋಗುತ್ತಿದ್ದರು. ಬಾಗಿಲು ತೆರೆದಿದೆ, ಆದರೂ ಯಾರೂ ಕದಡುವುದಿಲ್ಲ. ನಾಗರಿಕ ಸಮಾಜದ ಲಕ್ಷಣವೆಂದರೆ ಇದೇ. ಶಾಲೆಯು ಮಕ್ಕಳಿಗೆ ಮೌನವನ್ನು ಶಿಕ್ಷೆಯಾಗಿ ವಿಧಿಸುವುದುಂಟು. ಇನ್ನೊಬ್ಬರ ಓದಿಗೆ ಸಲ್ಲಿಸುವ ಗೌರವವಾಗಿ ಮೌನವನ್ನು ಕಲಿಸುವುದು ಅಪರೂಪ.

ಇಂಥ ಏಕಾಂತವು ಲೋಕಕ್ಕೆ ಮರಳಿ ಏನನ್ನು ಕೊಡುತ್ತದೆ ಎಂಬುದಕ್ಕೂ ಜೆರೋಮನ ಬಾಳೇ ಸಾಕ್ಷಿ. ರೋಮಿನ ಲೇಟಾ ಎಂಬ ತಾಯಿ ತನ್ನ ಪುಟ್ಟ ಮಗಳ ಶಿಕ್ಷಣದ ಬಗೆಗೆ ಕೇಳಿದಾಗ ಆತನು ದೀರ್ಘವಾದ ಪತ್ರವನ್ನೇ ಬರೆದನು. ಮರದಲ್ಲೋ ದಂತದಲ್ಲೋ ಅಕ್ಷರಗಳನ್ನು ಮಾಡಿಸಿ ಮಗುವಿಗೆ ಆಟದ ಸಾಮಾನಿನಂತೆ ಕೊಡಬೇಕು, ಆಟವೇ ಪಾಠವಾಗಬೇಕು, ಸಣ್ಣ ಬಹುಮಾನಗಳಿಂದ ಉತ್ತೇಜಿಸಬೇಕು, ಕಲಿಕೆಯ ಮೇಲೆ ಎಳವೆಯಲ್ಲಿಯೇ ಜಿಗುಪ್ಸೆ ಹುಟ್ಟದಂತೆ ನೋಡಿಕೊಳ್ಳಬೇಕು ಎಂಬುದು ಆತನ ಸಲಹೆಯ ಸಾರ. ಹೀಬ್ರೂ ಗ್ರಂಥಗಳಲ್ಲಿ ಮುಳುಗಿದ್ದ ವಿದ್ವಾಂಸನು ಒಂದು ಹೆಣ್ಣುಮಗುವಿನ ಅಕ್ಷರಾಭ್ಯಾಸವನ್ನು ಕುರಿತು ಇಷ್ಟು ಅಕ್ಕರೆಯಿಂದ ಯೋಚಿಸಿದನು. 410ರಲ್ಲಿ ರೋಮ್ ನಗರವು ಶತ್ರುಗಳ ವಶವಾಗಿ ನಿರಾಶ್ರಿತರು ಬೆತ್ಲೆಹೇಮಿನವರೆಗೂ ಬಂದಾಗ, ಆತನು ಬರೆಯುತ್ತಿದ್ದ ವ್ಯಾಖ್ಯಾನವನ್ನು ಬದಿಗಿರಿಸಿ ಅವರ ಸೇವೆಗೆ ನಿಂತನು. ಶಾಸ್ತ್ರದ ನುಡಿಯನ್ನು ನಡೆಯಾಗಿಸಬೇಕಾದ ಹೊತ್ತು ಇದೆಂದು ಆ ವ್ಯಾಖ್ಯಾನದಲ್ಲಿಯೇ ಹೇಳಿಕೊಂಡಿದ್ದಾನೆ. ಪೀಠವನ್ನೇರಲು ಇರುವ ಮೂರು ಮೆಟ್ಟಿಲುಗಳು ಇಳಿಯಲಿಕ್ಕೂ ಇವೆ. ಓದು ಕಾಯಕವಾಗುವುದು ಹೀಗೆ.

ಎರಡನೆಯದಾಗಿ ಗಮನಿಸಬೇಕಾದುದು, ಈ ಚಿತ್ರದಲ್ಲಿ ಕಾಣದಿರುವ ಒಬ್ಬ ವ್ಯಕ್ತಿಯನ್ನು. ದಾನಿಗಳು ಈ ವಿಷಯವನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಚಿತ್ರದಲ್ಲಿ ಜೆರೋಮ್ ಏಕಾಕಿ, ಬಾಳಿನಲ್ಲಿ ಹಾಗಿರಲಿಲ್ಲ. ರೋಮಿನ ಶ್ರೀಮಂತ ಮನೆತನದ ವಿಧವೆ ಪೌಲಾ ತನ್ನ ಮಗಳು ಯೂಸ್ಟೋಕಿಯಂಳೊಡನೆ 385ರಲ್ಲಿ ರೋಮನ್ನು ಬಿಟ್ಟು ಹೊರಟು, ಮರುವರ್ಷ ಬೆತ್ಲೆಹೇಮಿನಲ್ಲಿ ನೆಲೆಸಿದಳು. ಅಲ್ಲಿ ಆಕೆಯ ಹಣದಿಂದ ಪುರುಷರಿಗೊಂದು ಮಠ ಕಟ್ಟಲ್ಪಟ್ಟಿತು, ಸ್ತ್ರೀಯರಿಗೆ ಮಠಗಳಾದವು, ಯಾತ್ರಿಕರಿಗೆ ತಂಗುದಾಣವೂ ಆಯಿತು. ಜೆರೋಮ್ ಮೂರು ದಶಕಗಳಿಗೂ ಹೆಚ್ಚು ಕಾಲ ಕುಳಿತು ಓದಿ ಬರೆದದ್ದು ಈ ಆಸರೆಯಲ್ಲಿ. ಆಕೆ ಹಣ ಕೊಟ್ಟು ದೂರ ನಿಂತವಳಲ್ಲ. ಹೀಬ್ರೂ ಭಾಷೆಯನ್ನು ಸ್ವತಃ ಕಲಿತಳು; ಗ್ರಂಥದ ಅರ್ಥವನ್ನು ಕುರಿತು ಪ್ರಶ್ನೆಗಳನ್ನು ಕೇಳಿ ಗುರುವನ್ನೇ ತಡವರಿಸುವಂತೆ ಮಾಡುತ್ತಿದ್ದಳೆಂದು ಜೆರೋಮನೇ ಹೇಳುತ್ತಾನೆ. ತನ್ನ ಅನೇಕ ಅನುವಾದಗಳನ್ನೂ ವ್ಯಾಖ್ಯಾನಗಳನ್ನೂ ಆತನು ಆ ತಾಯಿ ಮಗಳಿಗೆ ಅರ್ಪಿಸಿದ್ದಾನೆ. 404ರಲ್ಲಿ ಪೌಲಾ ತೀರಿಕೊಂಡಾಗ ಆಕೆಯ ಅಪಾರ ಸಂಪತ್ತೆಲ್ಲ ಕರಗಿ, ಮಗಳಿಗೆ ಉಳಿದದ್ದು ಸಾಲ. ಇವರಲ್ಲದೆ, ಕಣ್ಣು ಮಂದವಾದ ಜೆರೋಮ್ ಹೇಳಿದುದನ್ನು ಬರೆದುಕೊಂಡ ಲಿಪಿಕಾರರಿದ್ದರು. ಹೀಬ್ರೂ ಕಲಿಸಿದ ಯೆಹೂದಿ ಗುರುಗಳಿದ್ದರು. ಅವರಲ್ಲಿ ಯಾರೂ ಚಿತ್ರದಲ್ಲಿಲ್ಲ. ಆದರೆ ಅವರಿಲ್ಲದೆ ಆ ಪೀಠವಿಲ್ಲ.

ಒಬ್ಬನ ಏಕಾಂತವನ್ನು ಹಲವರು ಸೇರಿ ಕಟ್ಟಬೇಕಾಗುತ್ತದೆ ಎಂಬುದೇ ಈ ಚಿತ್ರದಿಂದ ಕಲಿಯಬೇಕಾದ ಪಾಠ. ಏಕಾಂತವು ತಾನಾಗಿ ಸಿಗುವ ವಸ್ತುವಲ್ಲ. ಸಿರಿವಂತರ ಮಗುವಿಗೆ ಪ್ರತ್ಯೇಕ ಕೋಣೆಯಿರಬಹುದು. ಎರಡು ಅಂಕಣದ ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ತಮ್ಮ, ತಂಗಿ, ದನಕರುಗಳೊಡನೆ ಬೆಳೆಯುವ ಮಗುವಿಗೆ ಅದು ಎಲ್ಲಿಂದ ಬರಬೇಕು? ಬೆಳಗ್ಗೆ ನೀರು ತಂದು, ಸಂಜೆ ಒಲೆಯ ಮುಂದೆ ಕುಳಿತು, ತಮ್ಮನನ್ನು ಮಲಗಿಸುವ ಹೆಣ್ಣುಮಗುವಿಗಂತೂ ಪುಸ್ತಕದೊಡನೆ ಒಂದು ಗಳಿಗೆ ಸಿಗುವುದೇ ದುರ್ಲಭ. ಇಂಥ ಮಕ್ಕಳಿಗೆ ಜೀವಮಾನದಲ್ಲಿ ದೊರೆಯಬಹುದಾದ ಒಂದೇ ಒಂದು ಓದುವ ಪೀಠವು ಶಾಲೆಯಲ್ಲಿರಬೇಕು. ಅಲ್ಲಿಲ್ಲದಿದ್ದರೆ ಬೇರೆಲ್ಲಿಯೂ ಇಲ್ಲ. ಅನ್ನದಾಸೋಹದ ತತ್ತ್ವವನ್ನು ಬಲ್ಲ ಮಠಗಳು ಹಸಿದ ಹೊಟ್ಟೆಯಿಂದ ವಿದ್ಯೆ ಬಾರದೆಂಬುದನ್ನು ಅರಿತು ಉಚಿತ ಪ್ರಸಾದನಿಲಯಗಳನ್ನು ನಡೆಸಿ, ಬಡಮಕ್ಕಳ ಬಾಳನ್ನು ಬೆಳಗಿದವು. ಅದರ ಮುಂದಿನ ಹೆಜ್ಜೆಯೇ ಇದು. ಉಣ್ಣಲು ಪಂಕ್ತಿ ಬೇಕು. ಓದಲು ಪೀಠ ಬೇಕು. ಮೊದಲನೆಯದು ದಾಸೋಹವಾದರೆ ಎರಡನೆಯದೂ ದಾಸೋಹವೇ.

ಈ ನಾಡಿನ ಇತ್ತೀಚಿನ ಚರಿತ್ರೆಯಲ್ಲಿಯೇ ಇದಕ್ಕೆ ಆಧಾರವಿದೆ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ತಾಡವೋಲೆಗಳ ಕಟ್ಟುಗಳನ್ನು ಸಂಗ್ರಹಿಸಿ, ಓದಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುದ್ರಣಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಇಂದು ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ಹಾಡುವ ವಚನಗಳು ಅವರ ನಾಲಿಗೆಗೆ ಬಂದದ್ದು, ಮಂದವಾದ ದೀಪದ ಬೆಳಕಿನಲ್ಲಿ ಓಲೆಯ ಮೇಲಿನ ಅಕ್ಷರವನ್ನು ಬಿಡಿಸಿ ಓದಿದ ಇಂಥವರ ಏಕಾಂತದ ಮೂಲಕ. ಓದುಗನೂ ದಾನಿಯೂ ಒಬ್ಬರೇ ಆಗಬೇಕಾಗಿ ಬಂದದ್ದು ಅವರ ಹಿರಿಮೆ. ಸಮಾಜಕ್ಕೆ ಅದು ಹೆಮ್ಮೆಯ ಮಾತಲ್ಲ. ಓದುವವನು ತನ್ನ ಮನೆಯನ್ನು ಮಾರಿಕೊಂಡು ಓದಬೇಕಾದ ಸ್ಥಿತಿ ಎರಡನೆಯ ಸಲ ಬರಬಾರದು.

ಇದಕ್ಕೆ ಪ್ರತಿಯಾಗಿ ಕೆಲವು ಆಕ್ಷೇಪಗಳು ಏಳುವುದು ಸಹಜ. ಪರೀಕ್ಷೆಯ ಫಲಿತಾಂಶದಿಂದಲೇ ಶಾಲೆಯ ಮಾನ ಅಳೆಯಲ್ಪಡುವ ಈ ಕಾಲದಲ್ಲಿ ಪಠ್ಯದ ಹೊರಗಿನ ಓದಿಗೆ ವೇಳೆಯೆಲ್ಲಿ ಎಂಬುದು ಮೊದಲನೆಯದು. ಪಠ್ಯಪುಸ್ತಕವನ್ನು ಶಿಕ್ಷಕರು ಓದಿಸುತ್ತಾರೆ. ಪರೀಕ್ಷೆ ಮುಗಿದ ಮರುದಿನ ಅದು ರದ್ದಿಯ ಅಂಗಡಿಯನ್ನು ಸೇರುತ್ತದೆ. ವಿದ್ಯಾರ್ಥಿ ತಾನಾಗಿ ಆರಿಸಿ ಓದಿದ ಪುಸ್ತಕವು ಅವನೊಡನೆ ಬಾಳಿನುದ್ದಕ್ಕೂ ನಡೆದು ಬರುತ್ತದೆ. ಹೀಗೆ ಓದುವ ಅಭ್ಯಾಸವಾದವನಿಗೆ ಪಠ್ಯದ ಭಾಷೆಯೂ ಸುಲಭವಾಗುವುದರಿಂದ ಫಲಿತಾಂಶಕ್ಕೂ ಹಾನಿಯಿಲ್ಲ.

ಬೇಕಾದುದನ್ನು ಓದಲು ಬಿಟ್ಟರೆ ಮಕ್ಕಳು ಹಾದಿ ತಪ್ಪಿಯಾರೆಂಬುದು ಎರಡನೆಯ ಆಕ್ಷೇಪ. ಧರ್ಮಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಈ ಅಳುಕು ಸ್ವಲ್ಪ ಹೆಚ್ಚಾಗಿಯೇ ಇರುವುದುಂಟು. ಜೆರೋಮನನ್ನೂ ಇದು ಕಾಡಿತ್ತು. ಪರಲೋಕದ ನ್ಯಾಯಪೀಠದ ಮುಂದೆ ತನ್ನನ್ನು ನಿಲ್ಲಿಸಿ, ನೀನು ಕ್ರಿಸ್ತನ ಭಕ್ತನಲ್ಲ, ಸಿಸೆರೋ ಎಂಬ ಲೌಕಿಕ ಲೇಖಕನ ಭಕ್ತನೆಂದು ಆಪಾದಿಸಿ ಹೊಡೆಸಿದಂತೆ ಆತನಿಗೆ ಕನಸು ಬಿದ್ದಿತಂತೆ. ಲೌಕಿಕ ಗ್ರಂಥಗಳನ್ನು ಇನ್ನು ಮುಟ್ಟುವುದಿಲ್ಲವೆಂದು ಅಲ್ಲಿ ಪ್ರತಿಜ್ಞೆ ಮಾಡಿದನು. ಆದರೂ ಮುಂದಿನ ಬರಹಗಳಲ್ಲಿ ಆ ಕವಿಗಳೂ ವಾಗ್ಮಿಗಳೂ ಮತ್ತೆ ಮತ್ತೆ ತಲೆದೋರಿದರು. ಆತನ ಎದುರಾಳಿ ರುಫಿನಸ್ ಇದನ್ನೇ ಹಿಡಿದು ಆತನನ್ನು ಚುಚ್ಚಿದನು. ಆದರೆ ಫಲವನ್ನು ನೋಡಬೇಕು. ಸಿಸೆರೋನನ್ನು ಓದಿ ಹದಗೊಂಡ ಲ್ಯಾಟಿನ್ನಿನಿಂದಲೇ ಆತನು ಧರ್ಮಗ್ರಂಥವನ್ನು ಅನುವಾದಿಸಿದನು. ಒಳ್ಳೆಯ ಓದು ಯಾವುದೂ ವ್ಯರ್ಥವಾಗುವುದಿಲ್ಲ. ವಚನಗಳ ಪಕ್ಕದಲ್ಲಿ ವಿಜ್ಞಾನವೂ, ಪುರಾಣದ ಪಕ್ಕದಲ್ಲಿ ಕಾದಂಬರಿಯೂ ಇರುವ ಅರೆಯೇ ನಿಜವಾದ ಗ್ರಂಥಭಂಡಾರ. ಆಯ್ಕೆಯಲ್ಲಿ ಹಿರಿಯರ ವಿವೇಕವಿರಲಿ, ಕಾವಲು ಬೇಡ.

ಮೊಬೈಲ್ ಫೋನು ಕೈಗೆ ಬಂದ ಮೇಲೆ ಪುಸ್ತಕವೇ ಹಳೆಯದಾಯಿತಲ್ಲವೇ ಎಂಬುದು ಮೂರನೆಯದು. ಆ ಯಂತ್ರದಲ್ಲಿಯೂ ಓದಬಹುದು. ಅದನ್ನು ದೂಷಿಸಿ ಪ್ರಯೋಜನವಿಲ್ಲ. ಆದರೆ ಅದು ಗಳಿಗೆಗೊಮ್ಮೆ ಕರೆಯುತ್ತದೆ, ಒಂದರಿಂದ ಇನ್ನೊಂದಕ್ಕೆ ಎಳೆಯುತ್ತದೆ. ಅಂಬ್ರೋಸನ ಬಳಿಗೆ ಬಂದವರಂತೆ ಸುಮ್ಮನೆ ಎದ್ದುಹೋಗುವ ಸೌಜನ್ಯ ಅದಕ್ಕೆ ತಿಳಿಯದು. ಹಿಂದೆ ಊರಿನ ಸಂಜೆಗಳಲ್ಲಿ ತಾನಾಗಿ ಸಿಗುತ್ತಿದ್ದ ನಿಶ್ಶಬ್ದವನ್ನು ಈಗ ಪ್ರಯತ್ನಪೂರ್ವಕವಾಗಿ ಕಟ್ಟಿಕೊಡಬೇಕಾಗಿದೆ. ಆದ್ದರಿಂದ ಪೀಠದ ಅಗತ್ಯ ಇಂದು ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ಹಾಗಾದರೆ ಮಾಡಬೇಕಾದುದೇನು? ಕಮಾನುಗಳ ಸೌಧ ಬೇಕಾಗಿಲ್ಲ. ಚಿತ್ರದಲ್ಲಿಯೂ ಓದುಗನು ಬಳಸುತ್ತಿರುವುದು ಕಲ್ಲಿನ ಮಹಾಮಂದಿರವನ್ನಲ್ಲ, ಅದರೊಳಗೆ ಬಡಗಿಯು ಮಾಡಿದ ಒಂದಿಷ್ಟು ಮರದ ಕೆಲಸವನ್ನು. ಅನೇಕ ಶಾಲೆಗಳಲ್ಲಿ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೊಠಡಿಯ ಕಪಾಟಿನಲ್ಲಿ ಬೀಗದೊಳಗಿವೆ. ಕಳೆದುಹೋದರೆ ಲೆಕ್ಕ ಕೊಡಬೇಕೆಂಬ ಭಯದಿಂದ ಅವು ಗೆದ್ದಲಿಗೆ ಮಾತ್ರ ದೊರೆಯುತ್ತವೆ. ಓದಿ ಹರಿದ ಪುಸ್ತಕವು ಶಾಲೆಗೆ ನಷ್ಟವಲ್ಲ, ಓದದೆ ಹಳತಾದದ್ದೇ ನಷ್ಟ ಎಂಬ ನಿಯಮವನ್ನು ಆಡಳಿತ ಮಂಡಳಿಗಳು ಮೊದಲು ಒಪ್ಪಬೇಕು. ಗಾಳಿ ಬೆಳಕಿರುವ ಒಂದು ಕೊಠಡಿ, ತೆರೆದ ಅರೆಗಳು, ಬೆನ್ನಿಗೆ ಆಸರೆಯಿರುವ ಆಸನಗಳು, ಸಂಜೆಗೆ ದೀಪ ಇವಿಷ್ಟು ಸ್ಥಳದ ಮಾತು. ದಿನಕ್ಕೊಂದು ಗಳಿಗೆಯಾದರೂ ಯಾರೂ ಪ್ರಶ್ನೆ ಕೇಳದ, ಸಾರಾಂಶ ಬರೆಸದ, ಅಂಕ ಕೊಡದ ಓದಿನ ವೇಳೆ ಇರಬೇಕು. ಇದು ಕಾಲದ ಮಾತು. ಮನೆಗೆ ಬೇಗ ಮರಳಬೇಕಾದ ಹೆಣ್ಣುಮಕ್ಕಳಿಗೆ ಅನುಕೂಲವಾಗುವಂತೆ ಆ ವೇಳೆ ಶಾಲೆಯ ಅವಧಿಯ ಒಳಗೇ ಇರಬೇಕು. ಎಲ್ಲಕ್ಕೂ ಮಿಗಿಲಾಗಿ, ಆ ಹೊತ್ತಿನಲ್ಲಿ ಶಿಕ್ಷಕರೂ ಓದುತ್ತಿರಬೇಕು. ಓದಿರೆಂದು ಹೇಳುವ ಗುರುವನ್ನು ಮಕ್ಕಳು ದಿನವೂ ಕಾಣುತ್ತಾರೆ. ಓದುತ್ತ ಕುಳಿತ ಗುರುವನ್ನು ಕಂಡ ಮಕ್ಕಳು ಎಷ್ಟು ಮಂದಿ? ಗುರುವಿನ ಆ ಒಂದು ನೋಟವು ನೂರು ಉಪದೇಶಕ್ಕೆ ಸಮ.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ವಿನಂತಿಯಿದೆ. ಕಟ್ಟಡಕ್ಕೆ ಕೊಟ್ಟ ದಾನವು ಕಲ್ಲಿನ ಮೇಲೆ ಹೆಸರಾಗಿ ನಿಲ್ಲುತ್ತದೆ. ಅದು ತಪ್ಪಲ್ಲ, ಕೊಟ್ಟವರನ್ನು ನೆನೆಯುವುದು ಸಂಸ್ಥೆಯ ಧರ್ಮ. ಆದರೆ ಪ್ರತಿವರ್ಷ ಹೊಸ ಪುಸ್ತಕಗಳಿಗೆ, ಓದುಕೋಣೆಯನ್ನು ತೆರೆದಿಡುವವರ ಸಂಬಳಕ್ಕೆ, ಸಂಜೆಯ ದೀಪಕ್ಕೆ ಕೊಡುವ ದಾನಕ್ಕೆ ಹೆಸರು ಕೆತ್ತಲು ಗೋಡೆಯಿರುವುದಿಲ್ಲ. ಆಂಟೊನೆಲ್ಲೊನ ಚಿತ್ರದಲ್ಲಿ ಪೌಲಾ ಇಲ್ಲದಿರುವಂತೆ ಆ ದಾನಿಯೂ ಚಿತ್ರದಲ್ಲಿರುವುದಿಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡುವ ದಾನವೆಂದರೆ ಇದೇ. ಕೊಟ್ಟೆನೆಂಬ ಭಾವವನ್ನೂ ಬಿಟ್ಟು ಕೊಡುವುದು ದಾಸೋಹವೆಂದು ನಂಬಿದ ಪರಂಪರೆಗೆ ಇಂಥ ದಾನ ಹೊಸದೇನೂ ಅಲ್ಲ.

ಇಲ್ಲಿ ಒಂದು ಎಚ್ಚರವೂ ಅವಶ್ಯ. ಓದಿದ ಮಾತ್ರಕ್ಕೆ ಮನುಷ್ಯ ಸಂತನಾಗುತ್ತಾನೆಂದು ಯಾರೂ ಭಾವಿಸಬಾರದು. ಜೆರೋಮ್ ಮಹಾಕೋಪಿ, ವಾಗ್ವಾದಗಳಲ್ಲಿ ಕಟುವಾಗಿ ನುಡಿದು ಹಳೆಯ ಸ್ನೇಹಿತರನ್ನು ಕಳೆದುಕೊಂಡವನು. ಗ್ರಂಥಗಳು ಆತನ ಸ್ವಭಾವವನ್ನು ಪೂರ್ತಿಯಾಗಿ ತಿದ್ದಲಿಲ್ಲ. ಆದರೆ ತಿಳಿಯದುದನ್ನು ತಿಳಿಯಲು, ಕಷ್ಟವಾದುದನ್ನು ಮತ್ತೆ ಆರಂಭಿಸಲು, ತಿಳಿದುದನ್ನು ಇತರರ ಭಾಷೆಗೆ ತರಲು ಬೇಕಾದ ತಾಳ್ಮೆಯನ್ನು ಕೊಟ್ಟವು. ಶಾಲೆಯು ತನ್ನ ಮಕ್ಕಳಿಗೆ ಇಷ್ಟನ್ನು ಕೊಡಬಲ್ಲುದಾದರೆ ಅದು ಅಲ್ಪ ಸಾಧನೆಯಲ್ಲ.

ಮುಂದೆ ಯಾವಾಗಲಾದರೂ ಸಂಸ್ಥೆಯ ವರದಿಯನ್ನು ಬರೆಯುವವರು ಕೊಠಡಿಗಳ ಸಂಖ್ಯೆಯ ಕೆಳಗೆ ಇನ್ನೊಂದು ಸಾಲನ್ನು ಸೇರಿಸುವಂತಾಗಲಿ: ಇಲ್ಲಿ ಇಷ್ಟು ಮಕ್ಕಳಿಗೆ ಕುಳಿತು ಓದಲು ಸ್ಥಳವಿದೆ, ಅವರು ಓದುವಾಗ ಯಾರೂ ಕದಡುವುದಿಲ್ಲ. ಆ ಸ್ಥಳವು ಹಿರಿದಾಗಿರಬೇಕೆಂದಿಲ್ಲ. ಲೋಕವು ಐದು ಶತಮಾನಗಳಿಂದ ಬೆರಗಿನಿಂದ ನೋಡುತ್ತ ಬಂದಿರುವ ಪೀಠವು ಒಂದು ಅಡಿಗಿಂತ ತುಸು ಹೆಚ್ಚು ಅಗಲದ ಹಲಗೆಯಲ್ಲಿ ಹಿಡಿದಿದೆ. ಅಂಥ ಪೀಠಗಳು ಶಾಲೆಶಾಲೆಗಳಲ್ಲಿ ನೆಲೆಗೊಳ್ಳಲಿ. ಅವುಗಳನ್ನೇರಿದ ಮಕ್ಕಳು ಅರಿವನ್ನು ಹೊತ್ತು ಲೋಕಕ್ಕೆ ಇಳಿದು ಬರಲಿ.